ಸಂಪರ್ಕ ಮಂಡಲಗಳಿಗೆ ಒಂದು ಕಾಯದೆ

ಧಾರವಾಡಕ್ಕೆ ಪ್ರತ್ಯೇಕ ಮಹಾನಗರಪಾಲಿಕೆ ಆಗಬೇಕೆಂದು ರಾಜ್ಯದ ಮಂತ್ರಿಮಂಡಲವು 2025ರ ಜನವರಿಯಲ್ಲಿ ತೀರ್ಮಾನಿಸಿದಂದಿನಿಂದ ಈ ಅವಳಿ ನಗರಗಳಲ್ಲಿ ಹಿಸ್ಸೆಯ ಮಾತು ಬಹಳವಾಗಿ ನಡೆದಿದೆ. ಕರದ ಉತ್ಪನ್ನ ಯಾರಿಗೆಷ್ಟು, ನೌಕರರು ಯಾವ ಕಡೆಗೆ, ಹಳೆಯ ಬಾಕಿಯ ಭಾರ ಯಾರ ಹೆಗಲಿಗೆ ಎಂಬ ಪ್ರಶ್ನೆಗಳು ಸಭೆಗಳಲ್ಲಿಯೂ ಚಹದ ಅಂಗಡಿಗಳಲ್ಲಿಯೂ ಕೇಳಿಬರುವವು. 1962ರಲ್ಲಿ ಎರಡು ಊರುಗಳನ್ನು ಒಂದೇ ಪಾಲಿಕೆಯಲ್ಲಿ ಕೂಡಿಸಿದ್ದು ಹಿತವಾಯಿತೋ ಅಹಿತವಾಯಿತೋ ಎಂಬ ವಾದಕ್ಕೆ ನಾವು ಇಂದು ಕೈಯಿಕ್ಕುವದಿಲ್ಲ. ಆದರೆ ನಮ್ಮ ಕಡೆಯ ಒಕ್ಕಲಿಗರಲ್ಲಿ ಅಣ್ಣತಮ್ಮಂದಿರು ಬೇರೆಯಾದಾಗ ಹೊಲ ಹರಿದು ಹಂಚಿದರೂ ಬಾವಿಯನ್ನು ಹರಿಯುವದಿಲ್ಲ. ಅದರ ನೀರಿಗೆ ಸರತಿ ಹಾಕಿಕೊಳ್ಳುವರು. ಈ ಎರಡು ನಗರಗಳ ನಡುವೆಯೂ ಅಂತಹ ಕೆಲವು ಬಾವಿಗಳುಂಟು. ಅವುಗಳಲ್ಲೊಂದು ನೆಲದಡಿಯಲ್ಲಿಯೂ ಕಂಬದ ಮೇಲೆಯೂ ಹಾಯ್ದುಹೋಗಿರುವ ಸಂಪರ್ಕದ ತಂತಿ. ಇದರ ಗತಿ ಏನೆಂದು ಕೇಳಿದವರನ್ನು ನಾವು ಕಾಣಲಿಲ್ಲ.

ಇಂಟರ್‌ನೆಟ್ ಎಂದರೆ ಪಟ್ಟಣದ ತರುಣರ ವಿನೋದದ ಸಾಧನವೆಂದು ತಿಳಿಯುವ ಹಿರಿಯರು ಇನ್ನೂ ನಮ್ಮಲ್ಲಿದ್ದಾರೆ. ಅವರು ಒಂದು ದಿನ ಕಲಘಟಗಿ ತಾಲೂಕಿನ ಅಡವಿಯಂಚಿನ ಒಂದು ಹಳ್ಳಿಯ ನ್ಯಾಯಬೆಲೆ ಅಂಗಡಿಯ ಮುಂದೆ ನಿಲ್ಲಬೇಕು. ಹೆಬ್ಬೆರಳು ಒತ್ತಿದ ಮೇಲೆ ಯಂತ್ರವು ಹೌದೆಂದರೇನೇ ಅಕ್ಕಿ. ತಂತಿ ಕಡಿದಿದ್ದರೆ ಮುದುಕಿಯು ಬರಿಯ ಚೀಲ ಹಿಡಿದು ಮರಳಬೇಕು. ಉದ್ಯೋಗ ಖಾತರಿಯ ಕೆಲಸದಲ್ಲಿ ಕೂಲಿಗಳ ಹಾಜರಿಯನ್ನು ದಿನಕ್ಕೆ ಎರಡು ಸಾರೆ ಮೊಬೈಲಿನಲ್ಲಿ ಚಿತ್ರ ತೆಗೆದು ಏರಿಸತಕ್ಕದ್ದೆಂದು 2023ರ ಜನವರಿಯಿಂದ ಕೇಂದ್ರ ಸರಕಾರವು ಕಡ್ಡಾಯ ಮಾಡಿತು; ಚಿತ್ರ ಏರದಿದ್ದ ದಿನ ಬೆವರು ಸುರಿಸಿದ್ದಕ್ಕೆ ಸಾಕ್ಷಿಯೇ ಇಲ್ಲದಂತಾಯಿತು. 2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮಲೆನಾಡಿನ ಮಕ್ಕಳು ಪಾಠ ಕೇಳಲಿಕ್ಕೆ ಗುಡ್ಡದ ನೆತ್ತಿಯನ್ನೂ ಮರದ ಕೊಂಬೆಯನ್ನೂ ಏರಿದ್ದನ್ನು ನಾಡೆಲ್ಲ ನೋಡಿದೆ. ಸರಕಾರವು ತನ್ನ ಸಕಲ ವ್ಯವಹಾರವನ್ನೂ ತಂತಿಯ ಮೇಲೆ ಏರಿಸಿದ ಮೇಲೆ ಆ ತಂತಿಯನ್ನು ಊರಿಗೆ ಮುಟ್ಟಿಸುವದು ಉಪಕಾರವಲ್ಲ, ಹೊಣೆ.

ಹೊಣೆಯನ್ನು ಯಾರೂ ಹೊತ್ತಿಲ್ಲವೆಂದು ನಾವು ಹೇಳುವದಿಲ್ಲ. ದೇಶದ ಎರಡೂವರೆ ಲಕ್ಷದಷ್ಟು ಗ್ರಾಮ ಪಂಚಾಯತಿಗಳಿಗೆ ಆಪ್ಟಿಕಲ್ ಫೈಬರ್ ತಂತಿ ಎಳೆಯುವ ಯೋಜನೆಗೆ ಕೇಂದ್ರ ಸರಕಾರವು 2011ರ ಅಕ್ಟೋಬರದಲ್ಲಿ ಒಪ್ಪಿಗೆ ಕೊಟ್ಟಿತು. ಎರಡು ವರ್ಷಗಳಲ್ಲಿ ಮುಗಿಯಬೇಕಾಗಿದ್ದ ಕೆಲಸವು ಮುಂದಕ್ಕೆ ಹೋಗುತ್ತ ಹೋಯಿತು. ನಡುವೆ ಅದಕ್ಕೆ ಭಾರತ್‌ನೆಟ್ ಎಂಬ ಹೊಸ ಹೆಸರಾಯಿತು. 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಗಳ ಪರಿಷ್ಕೃತ ಯೋಜನೆ ಮಂಜೂರಾಯಿತು. ಇಷ್ಟು ದೊಡ್ಡ ಮೊತ್ತವನ್ನು ಓದುವಾಗ ವಾಚಕರಿಗೆ ಸಹಜವಾಗಿಯೇ ಒಂದು ಸಂಶಯ ಬರುವದು: ಮೊದಲು ಎಳೆದ ತಂತಿ ಏನಾಯಿತು? ತಂತಿಯು ಪಂಚಾಯತಿ ಕಚೇರಿಯ ಗೋಡೆಯವರೆಗೆ ಬಂದಿತು, ಪೆಟ್ಟಿಗೆಯನ್ನೂ ಜೋಡಿಸಿದರು. ಅಲ್ಲಿಂದ ಶಾಲೆಗೆ, ದವಾಖಾನೆಗೆ, ಮನೆಗೆ ಒಯ್ಯುವವರು ಯಾರೆಂಬದು ಮೊದಲಿನ ಯೋಜನೆಯಲ್ಲಿ ಸ್ಪಷ್ಟವಿರಲಿಲ್ಲ. ರಸ್ತೆ ಅಗಲ ಮಾಡುವ ಗುತ್ತಿಗೆದಾರನ ಯಂತ್ರವು ಅದನ್ನು ಹರಿದರೆ ಜೋಡಿಸಲು ದೂರದಿಂದ ಬರಬೇಕು. ಪಂಚಾಯತಿಯ ಅಧ್ಯಕ್ಷರಿಗೆ ಅದನ್ನು ಮುಟ್ಟುವ ಅಧಿಕಾರವೂ ಇಲ್ಲ, ಮುಟ್ಟದಿದ್ದರೆ ಕೇಳುವವರೂ ಇಲ್ಲ. ಊರ ನಡುವೆ ಇದ್ದೂ ಊರಿನದಲ್ಲದ ವಸ್ತುವನ್ನು ಊರವರು ಕಾಯುವರೆಂದು ಬಗೆಯುವದು ಮನುಷ್ಯ ಸ್ವಭಾವವನ್ನರಿಯದವರ ಲೆಕ್ಕಾಚಾರ.

ಇಲ್ಲಿ ಕಾಯದೆಯ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಏಕೆಂದರೆ ಅಧಿಕಾರಿಗಳು ಮೊದಲು ಎತ್ತುವ ಆಕ್ಷೇಪ ಇದೇ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಅಂಚೆ, ತಂತಿ, ಟೆಲಿಫೋನು, ನಿಸ್ತಂತು, ಪ್ರಸಾರ ಹಾಗೂ ಇಂಥವೇ ಬೇರೆ ಸಂಪರ್ಕಗಳು ಕೇಂದ್ರದ ಪಟ್ಟಿಯ 31ನೆಯ ಬಾಬತ್ತಿನಲ್ಲಿವೆ. ರಾಜ್ಯದ ಪಟ್ಟಿಯ 13ನೆಯ ಬಾಬತ್ತಿನಲ್ಲಿಯೂ ಸಂಪರ್ಕವೆಂಬ ಶಬ್ದವಿದೆ. ಆದರೆ ಅದು ರಸ್ತೆ, ಸೇತುವೆ, ದೋಣಿಗಡವುಗಳ ಮಾತು, ಕೇಂದ್ರದ ಪಟ್ಟಿಯಲ್ಲಿ ಹೇಳಿದ್ದನ್ನು ಬಿಟ್ಟು ಉಳಿದದ್ದು. ಪಂಚಾಯತಿಗಳಿಗೆ ಒಪ್ಪಿಸಬಹುದಾದ 29 ವಿಷಯಗಳ ಹನ್ನೊಂದನೆಯ ಅನುಸೂಚಿಯಲ್ಲಿ ರಸ್ತೆ, ಮೋರಿ, ಸೇತುವೆಗಳ ಜತೆಗೆ ಸಂಪರ್ಕದ ಇತರ ಸಾಧನಗಳು ಎಂಬ ಮಾತು ಬಂದಿರುವದನ್ನು ನೋಡಿ ಕೆಲವರು ಉತ್ಸಾಹಗೊಳ್ಳುವರು. ಆ ಉತ್ಸಾಹ ನ್ಯಾಯಾಲಯದಲ್ಲಿ ನಿಲ್ಲಲಾರದು. ತಂತಿಯೊಳಗೆ ಹರಿಯುವ ಸುದ್ದಿಯನ್ನು ಮಾರುವದಕ್ಕೆ ಪರವಾನಗಿ ಕೊಡುವವರು ದಿಲ್ಲಿಯವರೇ. ಅದನ್ನು ಬೆಂಗಳೂರಿನ ಯಾವ ಕಾಯದೆಯೂ ಬದಲಿಸಲಾರದು. ಇದುವರೆಗಿನ ಏಕೀಕೃತ ಪರವಾನಗಿಯ ಪದ್ಧತಿಯಲ್ಲಂತೂ ಪರವಾನಗಿ ಬೇಡುವವನು ಕಂಪನಿಯಾಗಿರಬೇಕೆಂಬ ನಿಯಮವೇ ಇತ್ತು.

ಆದರೆ ತಂತಿ ಬೇರೆ, ತಂತಿ ಹಾಯುವ ನೆಲ ಬೇರೆ. ಕೊಳವೆ, ಕಂಬ, ಗುಂಡಿ, ಪಂಚಾಯತಿಯ ಕೋಣೆ, ಓಣಿಯ ಬದಿ, ಇವೆಲ್ಲ ಸ್ಥಳೀಯ ಸಂಸ್ಥೆಗಳ ಹಾಗೂ ರಾಜ್ಯ ಸರಕಾರದ ಅಧೀನದಲ್ಲಿರತಕ್ಕ ವಸ್ತುಗಳು. ಸ್ಥಳಿಕ ಸ್ವರಾಜ್ಯವು ರಾಜ್ಯದ ಪಟ್ಟಿಯ 5ನೆಯ ಬಾಬತ್ತು. ಎರಡು ಪಂಚಾಯತಿಗಳು, ಒಂದು ಪಟ್ಟಣ ಪಂಚಾಯತಿ, ಒಂದು ಮಹಾನಗರಪಾಲಿಕೆ ಕೂಡಿ ಒಂದು ಸಂಸ್ಥೆ ಕಟ್ಟಿಕೊಂಡು ಈ ಸ್ವತ್ತನ್ನೆಲ್ಲ ಅದರ ಹೆಸರಿನಲ್ಲಿ ಇಟ್ಟು, ಪರವಾನಗಿಯುಳ್ಳ ಯಾವ ಕಂಪನಿಗೇ ಆಗಲಿ ಸಮಾನ ದರದಿಂದ ಬಾಡಿಗೆಗೆ ಕೊಡುವದಕ್ಕೆ ಅನುಮತಿಸುವ ಕಾಯದೆಯನ್ನು ನಮ್ಮ ವಿಧಾನಮಂಡಲವು ಮಾಡಲು ಯಾವ ಅಡ್ಡಿಯನ್ನೂ ನಾವು ಕಾಣೆವು. ಕೇಂದ್ರದ 2023ರ ದೂರಸಂಪರ್ಕ ಕಾಯದೆಯೇ ಸಾಮಾನ್ಯ ಕೊಳವೆಗಳನ್ನೂ ತಂತಿಯ ಹಾದಿಗಳನ್ನೂ ಎಲ್ಲರಿಗೂ ತೆರೆದಿಡುವ ತತ್ತ್ವವನ್ನು ಒಪ್ಪಿಕೊಂಡಿದೆ. ಆದರೆ 2025ರ ಜನವರಿ 1ರಿಂದ ಜಾರಿಗೆ ಬಂದ ಹಾದಿಹಕ್ಕಿನ ನಿಯಮಗಳಲ್ಲಿ ಸ್ಥಳೀಯ ಸಂಸ್ಥೆಯ ಪಾತ್ರವು ಅರ್ಜಿ ತೆಗೆದುಕೊಂಡು ಗೊತ್ತಾದ ಅವಧಿಯಲ್ಲಿ ಅಪ್ಪಣೆ ಕೊಡುವವನ ಪಾತ್ರವಷ್ಟೇ. ಒಬ್ಬೊಬ್ಬ ಅರ್ಜಿದಾರನಿಗೂ ಒಂದೊಂದು ಅಗೆತ. ಒಂದೊಂದು ಅಗೆತಕ್ಕೂ ಒಂದೊಂದು ತೇಪೆ. ಹುಬ್ಬಳ್ಳಿಯ ಓಣಿಗಳಲ್ಲಿ ಮಳೆಗಾಲದಲ್ಲಿ ನಡೆದಾಡುವವರಿಗೆ ಈ ಪದ್ಧತಿಯ ಗುಣವನ್ನು ನಾವು ಬಣ್ಣಿಸಬೇಕಾಗಿಲ್ಲ.

ಇಂತಹ ಕಾಯದೆ ಎಲ್ಲಿಯಾದರೂ ಇದೆಯೇ ಎಂದು ಕೇಳುವವರಿಗೆ ಅಮೇರಿಕೆಯ ವರ್ಮಾಂಟ್ ಸಂಸ್ಥಾನದ ಕಡೆಗೆ ಬೊಟ್ಟು ಮಾಡುವೆವು. ಅದು ಗುಡ್ಡ, ಅಡವಿ, ಹಿಮಗಳ ಸಣ್ಣ ಸಂಸ್ಥಾನ. ಜನಸಂಖ್ಯೆ 2020ರ ಗಣತಿಯಲ್ಲಿ ಆರು ಲಕ್ಷ ನಲವತ್ತು ಸಾವಿರದಷ್ಟು. ನಮ್ಮ ಹುಬ್ಬಳ್ಳಿ-ಧಾರವಾಡಗಳೇ 2011ರಲ್ಲಿ ಒಂಬತ್ತು ಲಕ್ಷ ನಲವತ್ತು ಸಾವಿರವನ್ನು ಮೀರಿದ್ದವು. ಚದರಿದ ಮನೆಗಳಿಗೆ ತಂತಿ ಎಳೆದರೆ ಲಾಭವಿಲ್ಲವೆಂದು ದೊಡ್ಡ ಕಂಪನಿಗಳು ಕೈಕಟ್ಟಿ ಕುಳಿತಾಗ, 2008ರ ಊರ ಸಭೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಣ್ಣ ಊರುಗಳು ತಾವೇ ಕೂಡಿ ಈ ಕೆಲಸ ಮಾಡೋಣವೆಂದು ಠರಾಯಿಸಿದವು. ಆಗ ಅವರಿಗೆ ತಕ್ಕ ಕಾಯದೆ ಇರಲಿಲ್ಲ. ದೊಡ್ಡ ಸಾಲ ಹುಟ್ಟದ್ದರಿಂದ ಊರವರಿಂದಲೇ ಸಣ್ಣ ಸಣ್ಣ ಸಾಲಗಳನ್ನೆತ್ತಿ ಮೈಲು ಮೈಲಾಗಿ ತಂತಿ ಎಳೆದರು. ಈ ಹಟವನ್ನು ನೋಡಿ ಅಲ್ಲಿಯ ಶಾಸನಸಭೆಯು 2015ರಲ್ಲಿ, ಎರಡು ಅಥವಾ ಹೆಚ್ಚು ಊರುಗಳು ಮತದಾರರ ಒಪ್ಪಿಗೆಯಿಂದ ಸಂಪರ್ಕದ ಕೂಡುಮಂಡಲ ಕಟ್ಟಿಕೊಳ್ಳಬಹುದೆಂದು ಕಾಯದೆ ಮಾಡಿತು. ಮಂಡಲವು ತೆರಿಗೆ ಹೊರಿಸಕೂಡದು. ಅದರ ಸಾಲವು ಚಂದಾದಾರರ ಹಣದಿಂದಲೇ ತೀರಬೇಕು. ಮಂಡಲ ಮುಳುಗಿದರೆ ಊರಿನ ಬೊಕ್ಕಸ ಮುಳುಗಕೂಡದು. ಈ ಒಂದು ಬಂಧನದಿಂದಲೇ ಹೆದರುವ ಊರುಗಳಿಗೂ ಧೈರ್ಯ ಬಂದಿತು. 2021ರಲ್ಲಿ ಸಂಸ್ಥಾನವು ಇಂತಹ ಮಂಡಲಗಳಿಗೆ ನೆರವು ಕೊಡಲೆಂದೇ ಒಂದು ಮಂಡಳಿಯನ್ನು ನೇಮಿಸಿತು.

ಇದಕ್ಕೆ ವಿರುದ್ಧವಾದ ದೃಷ್ಟಾಂತವೂ ಅದೇ ದೇಶದಲ್ಲಿದೆ. ಉತ್ತರ ಕೆರೊಲಿನಾದ ವಿಲ್ಸನ್ ಎಂಬ ಊರು 2008ರಲ್ಲಿ ತನ್ನದೇ ತಂತಿ ಎಳೆದು ಸೇವೆ ಕೊಡತೊಡಗಲು, ಮೂರು ವರ್ಷಗಳೊಳಗೆ, 2011ರಲ್ಲಿ, ಬೇರೆ ಊರುಗಳು ಹಾಗೆ ಮಾಡದಂತೆ ಬಿಗಿಯಾದ ಕಾಯದೆ ಬಂದಿತು. ಊರುಗಳು ತಮ್ಮ ಕಾಲ ಮೇಲೆ ನಿಲ್ಲಲು ಹವಣಿಸಿದಾಗ ಯಾರ ಹೊಟ್ಟೆಯಲ್ಲಿ ಸಂಕಟವಾಗುವದೆಂಬದು ಇದರಿಂದ ತಿಳಿಯತಕ್ಕದ್ದು. ನಮ್ಮಲ್ಲಿ ಅಂತಹ ನಿಷೇಧದ ಕಾಯದೆ ಇಲ್ಲ. ನಮಗೆ ಅಡ್ಡಿಯಾಗಿರುವದು ಕಾಯದೆಯ ಅಭಾವ.

ನೆರೆಯ ಕೇರಳವು ಬೇರೊಂದು ದಾರಿ ಹಿಡಿಯಿತು. ಅಲ್ಲಿ ರಾಜ್ಯ ಸರಕಾರವೇ ಒಂದು ಕಂಪನಿ ಕಟ್ಟಿ, ವಿದ್ಯುತ್ ಮಂಡಳಿಯ ಕಂಬಗಳ ಮೇಲೆ ತಂತಿ ಎಳೆದು, 2023ರ ಜೂನ್ 5ರಂದು ಕೆ-ಫೋನ್ ಎಂಬ ಜಾಲವನ್ನು ಉದ್ಘಾಟಿಸಿತು. ಕೇಂದ್ರದಿಂದ ಪರವಾನಗಿಯನ್ನೂ ಪಡೆಯಿತು. ಇದು ಶ್ಲಾಘ್ಯವಾದ ಸಾಹಸವೇ ಸರಿ. ಆದರೆ ಇಪ್ಪತ್ತು ಲಕ್ಷ ಬಡ ಕುಟುಂಬಗಳಿಗೆ ಪುಕ್ಕಟೆ ಸಂಪರ್ಕವೆಂದು ಹೊರಟ ಯೋಜನೆಯು ಮೊದಲ ಹಂತದಲ್ಲಿ ವಿಧಾನಸಭಾ ಕ್ಷೇತ್ರವೊಂದಕ್ಕೆ ನೂರರಂತೆ 14,000 ಮನೆಗಳನ್ನು ಗೊತ್ತು ಮಾಡಿಕೊಂಡದ್ದನ್ನು ನೋಡಿದರೆ, ರಾಜಧಾನಿಯಲ್ಲಿ ಕುಳಿತು ಪ್ರತಿಯೊಂದು ಹಿತ್ತಲಿಗೂ ತಂತಿ ಎಳೆಯುವದರ ತೊಡಕು ಗೊತ್ತಾಗುವದು. ಮನೆಗಳ ಆಯ್ಕೆಗೆ ವಿಧಾನಸಭಾ ಕ್ಷೇತ್ರವು ಅಳತೆಗೋಲಾದದ್ದು ನಮಗೇನೋ ಸರಿಬೀಳುವದಿಲ್ಲ. ತಂತಿಗೆ ಶಾಸಕರ ಗುರುತು ಏಕೆ ಬೇಕು?

ದೂರದ ದೃಷ್ಟಾಂತಗಳಿಂದ ನಮ್ಮ ಜನರ ಮನಸ್ಸು ಬೇಗ ಒಲಿಯದು, ಒಲಿಯಲೂಬೇಕಾಗಿಲ್ಲ. ಕೂಡಿ ಬಾಳುವ ವಿದ್ಯೆಯನ್ನು ಪರರಿಂದ ಕಲಿಯಬೇಕಾದ ನಾಡು ಇದಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆ ಬಂದಿತು. ಮರು ವರ್ಷವೇ, 1905ರಲ್ಲಿ, ಆಗಿನ ಧಾರವಾಡ ಜಿಲ್ಲೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಏಷ್ಯಾ ಖಂಡದಲ್ಲಿಯೇ ಮೊದಲನೆಯದೆಂದು ಹೆಸರಾದ ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ಇದರಲ್ಲಿ ನಾವು ಗಮನಿಸಬೇಕಾದದ್ದು ಕಾಯದೆಗೂ ಸಂಘಕ್ಕೂ ನಡುವಿನ ಒಂದೇ ವರ್ಷದ ಅಂತರ. ಸಾಹುಕಾರನ ಬಡ್ಡಿಯಿಂದ ಬೆಂದಿದ್ದ ಒಕ್ಕಲಿಗರಿಗೆ ಬುದ್ಧಿಯೂ ಇತ್ತು, ಒಗ್ಗಟ್ಟೂ ಇತ್ತು. ಕೊರತೆಯಾಗಿದ್ದದ್ದು ಕಾಯದೆಯ ಮನ್ನಣೆ. ಅದು ದೊರೆತ ಕೂಡಲೆ ಸಂಘವು ಎದ್ದು ನಿಂತಿತು.

ಪತ್ತಿನ ಸಂಘ ನಡೆಸಿದವರು ತಂತಿ ನಡೆಸಬಲ್ಲರೇ ಎಂಬ ಸಂದೇಹಕ್ಕೆ ಬೆಳಗಾವಿ ಜಿಲ್ಲೆಯ ಹುಕ್ಕೇರಿಯೇ ಉತ್ತರ. 1969ರಲ್ಲಿ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಸ್ಥಾಪಿತವಾಯಿತು. ದೇಶದಲ್ಲಿ ಪ್ರಯೋಗಾರ್ಥವಾಗಿ ಆರಿಸಿದ ಐದು ಸಂಘಗಳಲ್ಲಿ ಅದೊಂದು. ಸುತ್ತಲಿನ ಏಳು ಜಿಲ್ಲೆಗಳಿಗೆ ಹುಬ್ಬಳ್ಳಿಯ ಹೆಸ್ಕಾಂ ಕಂಪನಿಯು ವಿದ್ಯುತ್ತು ಹಂಚುತ್ತಿದ್ದರೆ, ಹುಕ್ಕೇರಿಯಲ್ಲಿ ಮಾತ್ರ ಸಗಟು ವಿದ್ಯುತ್ತನ್ನು ಕೊಂಡು ಮನೆ-ಮನೆಗೆ, ಪಂಪಿನಿಂದ ಪಂಪಿಗೆ ಹಂಚುವವರು ಗ್ರಾಹಕರೇ ಸದಸ್ಯರಾಗಿರುವ ಸಂಘದವರು. ಕಂಬವೇರುವವನೂ ಊರಿನವನೇ, ಬಿಲ್ಲು ಬರೆಯುವವನೂ ಊರಿನವನೇ. ಸಂಘದ ಆಡಳಿತಕ್ಕಾಗಿ ಅಲ್ಲಿಯ ಪುಢಾರಿಗಳಲ್ಲಿ ಕಾದಾಟ ನಡೆಯುವದಿಲ್ಲವೆಂದಲ್ಲ. ಬಹಳ ಜೋರಾಗಿಯೇ ನಡೆಯುವದು. ಆದರೆ ಆ ಕಾದಾಟ ಚುನಾವಣೆಯಲ್ಲಿ ತೀರುವದು, ಮತ್ತು ದೀಪ ಉರಿಯುವದು. ಪ್ರಾಣಕ್ಕೆ ಅಪಾಯವಿರುವ ವಿದ್ಯುತ್ತನ್ನು ಅರ್ಧ ಶತಮಾನಕ್ಕೂ ಮಿಗಿಲಾಗಿ ಹಂಚಿದ ಜನರ ನಾಡಿನಲ್ಲಿ, ಕೂದಲೆಳೆಯಂತಹ ಗಾಜಿನ ತಂತಿಯನ್ನು ಹಳ್ಳಿಗರು ನಿರ್ವಹಿಸಲಾರರೆಂದು ಹೇಳಲು ಅಧಿಕಾರಿಗಳಿಗೆ ಬಾಯಾದರೂ ಹೇಗೆ ಬರುವದು?

ಮೊಬೈಲ್ ಗೋಪುರಗಳಿರುವಾಗ ಈ ಎಲ್ಲ ಖಟಾಟೋಪವೇಕೆ ಎಂದು ಕೇಳುವವರೂ ಇದ್ದಾರೆ. ಗೋಪುರವೂ ತಂತಿಯ ಬೇರಿನಿಂದಲೇ ಬಲಗೊಳ್ಳುವದು; ಬೇರಿಲ್ಲದ ಗೋಪುರದ ಕೆಳಗೆ ನೂರು ಜನ ಒಮ್ಮೆಗೆ ಬಳಸಿದರೆ ಗತಿ ಕುಂದುವದನ್ನು ಜಾತ್ರೆಗೆ ಹೋದವರೆಲ್ಲ ಅನುಭವಿಸಿದ್ದಾರೆ. ಇದಕ್ಕಿಂತ ಹೆಚ್ಚಿನ ಉತ್ತರ ಆ ಆಕ್ಷೇಪಕ್ಕೆ ಬೇಕಾಗಿಲ್ಲ.

ನಮ್ಮನ್ನು ನಿಜವಾಗಿ ಕಾಡುವ ಆಕ್ಷೇಪವು ಬೇರೆ. ಮಂಡಲವೆಂದರೆ ಸದಸ್ಯ ಸಂಸ್ಥೆಗಳ ಪ್ರತಿನಿಧಿಗಳ ಕೂಟ. ಆ ಸಂಸ್ಥೆಗಳಲ್ಲಿಯೇ ಚುನಾಯಿತ ಪ್ರತಿನಿಧಿಗಳಿಲ್ಲದಿದ್ದರೆ? ಹುಬ್ಬಳ್ಳಿ-ಧಾರವಾಡ ಪಾಲಿಕೆಯ ಅವಧಿಯು 2019ರಲ್ಲಿ ತೀರಿತು. ಚುನಾವಣೆ ನಡೆದದ್ದು 2021ರ ಸಪ್ಟಂಬರದಲ್ಲಿ. ಮಹಾಪೌರರ ಆಯ್ಕೆಯಾದದ್ದು 2022ರ ಮೇ ತಿಂಗಳಲ್ಲಿ. ಮೂರು ವರ್ಷ ನಗರವು ಅಧಿಕಾರಿಗಳ ಆಳಿಕೆಯಲ್ಲಿತ್ತು. 2016ರಲ್ಲಿ ಆರಿಸಿಬಂದ ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು. ಆ ಮೇಲೆ ವರ್ಷಗಟ್ಟಲೆ ಚುನಾವಣೆಯ ಮಾತೇ ಮುಂದೆ ಸಾಗಲಿಲ್ಲ. ಪಂಚಾಯತಿಗಳೂ ಪುರಸಭೆಗಳೂ ಕೂಡಿ ಸಮಾನ ಹಿತದ ವಿಷಯಗಳನ್ನು ಯೋಚಿಸಲೆಂದು ಸಂವಿಧಾನವೇ ಜಿಲ್ಲಾ ಯೋಜನಾ ಸಮಿತಿಯನ್ನು ಗೊತ್ತುಪಡಿಸಿದೆ. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಚುನಾಯಿತರಿಂದ ಬರಬೇಕು. ಚುನಾಯಿತರೇ ಇಲ್ಲದ ಜಿಲ್ಲೆಯಲ್ಲಿ ಆ ಸಮಿತಿಯು ಕಾಗದದ ಹುಲಿ. ಆದುದರಿಂದ ಮಂಡಲದ ಕಾಯದೆಯಲ್ಲಿ ಒಂದು ನಿಬಂಧನೆ ಕಡ್ಡಾಯವಾಗಿ ಬೇಕು: ಸದಸ್ಯ ಸಂಸ್ಥೆಯ ಅವಧಿ ತೀರಿ ಚುನಾವಣೆ ತಡವಾದರೆ ಅದರ ಸ್ಥಾನದಲ್ಲಿ ಆಡಳಿತಾಧಿಕಾರಿಯು ಕುಳಿತುಕೊಳ್ಳಕೂಡದು, ಮೊದಲಿನ ಪ್ರತಿನಿಧಿಯೇ ಹೊಸಬರು ಬರುವವರೆಗೆ ಮುಂದುವರಿಯಬೇಕು. ಹೀಗಿಲ್ಲದಿದ್ದರೆ ಕೆಲವು ವರ್ಷಗಳಲ್ಲಿ ಮಂಡಲವು ಮತ್ತೊಂದು ಸರಕಾರಿ ಕಂಪನಿಯಾಗಿ, ಸದಸ್ಯರ ಪ್ರಶ್ನೆಗೆ ಉತ್ತರ ಕೊಡಬೇಕಾದ ಕಟ್ಟಳೆಯಿಂದ ಪಾರಾಗುವದು. ಸ್ಮಾರ್ಟ್ ಸಿಟಿಯ ಹೆಸರಿನಲ್ಲಿ ನಗರಗಳಲ್ಲಿ ಕಂಪನಿಗಳು ಬಂದಾಗ ನಗರಸೇವಕರು ತಮ್ಮ ಊರಿನ ಕೆಲಸಕ್ಕೆ ತಾವೇ ಪ್ರೇಕ್ಷಕರಾದ ಅನುಭವವು ಇನ್ನೂ ಹಸಿಯಾಗಿದೆ.

ಉಳಿದ ನಿಬಂಧನೆಗಳು ಕಠಿಣವಲ್ಲ. ಸೇರುವದೂ ಬಿಡುವದೂ ಊರಿನ ಇಚ್ಛೆಗೆ ಸೇರಿದ್ದು. ಗ್ರಾಮಸಭೆಯ ಠರಾವಿಲ್ಲದೆ ಯಾವ ಪಂಚಾಯತಿಯನ್ನೂ ಕೂಡಿಸಕೂಡದು. ಕರ ಹಾಕುವ ಅಧಿಕಾರ ಬೇಡ. ವರ್ಷಕ್ಕೊಮ್ಮೆ ಜಮಾ-ಖರ್ಚಿನ ಲೆಕ್ಕವೂ ಕೊಳವೆ-ಕಂಬಗಳ ನಕಾಶೆಯೂ ಚಾವಡಿಯ ಗೋಡೆಗೆ ಅಂಟಬೇಕು. ಹೆಸ್ಕಾಂದಂತಹ ಸರಕಾರಿ ಕಂಪನಿಯು ತನ್ನ ಕಂಬಗಳನ್ನು ಮಂಡಲಕ್ಕೆ ಗೊತ್ತಾದ ಬಾಡಿಗೆಗೆ ಕೊಡಬೇಕು. ಇಂದು ಪಟ್ಟಣದ ಕಂಬಗಳಿಗೆ ಯಾರ ಅಪ್ಪಣೆಯಿಂದಲೋ ಜೋತುಬಿದ್ದಿರುವ ಕರಿಯ ತಂತಿಗಳ ಗಂಟನ್ನು ನೋಡಿದರೆ ಕಂಪನಿಗೂ ಇದು ಲಾಭವೇ ಎನ್ನಬೇಕು. ಊರ ಕಿರಾಣಿ ಅಂಗಡಿಯವನೂ ಪರವಾನಗಿಯಿಲ್ಲದೆ ವೈಫೈ ಮಾರಬಹುದೆಂದು ಕೇಂದ್ರವು 2020ರ ಡಿಸೆಂಬರದಲ್ಲಿ ಪಿಎಂ-ವಾಣಿ ಯೋಜನೆಯಲ್ಲಿ ಒಪ್ಪಿದೆ. ಅವನಿಗೆ ಸಗಟು ತಂತಿ ಹತ್ತಿರದಲ್ಲಿ ಸಿಕ್ಕರೆ ಆ ಯೋಜನೆಗೂ ಜೀವ ಬಂದೀತು. ಮಂಡಲವೆಂಬ ಹೆಸರಿಗೆ ಯಾರೂ ಬೆಚ್ಚಬೇಕಾಗಿಲ್ಲ. 1983ರ ಕಾಯದೆಯ ಮಂಡಲ ಪಂಚಾಯತಿಗಳನ್ನು ಕಂಡವರು ನಮ್ಮಲ್ಲಿ ಬಹಳ ಜನರಿದ್ದಾರೆ. ಅಬ್ದುಲ್ ನಜೀರ್ ಸಾಬರು ಅವುಗಳಿಗೆ ಕೊಟ್ಟ ಚೈತನ್ಯವನ್ನು ನೆನೆದು ನಿಟ್ಟುಸಿರಿಡುವವರೂ ಇದ್ದಾರೆ.

ಮಂಡಲದ ಎಲ್ಲೆ ಜಿಲ್ಲೆಯ ಎಲ್ಲೆಯೇ ಆಗಬೇಕೆಂಬ ಹಟವನ್ನು ಮಾತ್ರ ಕಂದಾಯ ಇಲಾಖೆಯವರು ಬಿಡಬೇಕು. ಅಳ್ನಾವರಕ್ಕೆ ಹಳಿಯಾಳವು ನೆರೆ. ಎರಡರ ಜಿಲ್ಲೆಗಳು ಬೇರೆ. ಕುಂದಗೋಳದ ಕಡೆಯ ಹಳ್ಳಿಗಳಿಗೆ ಶಿಗ್ಗಾವಿಯ ಕಡೆಯವರೊಡನೆ ನೆಂಟಸ್ತಿಕೆಯೂ ಸಂತೆಯ ವ್ಯವಹಾರವೂ ಉಂಟು. ಹಳ್ಳ, ಹಾದಿ, ಸಂತೆಗಳು ಕೂಡಿಸಿದ ಊರುಗಳನ್ನು ನಕಾಶೆಯ ಗೆರೆಗಾಗಿ ಬೇರ್ಪಡಿಸಿದರೆ ಗಡಿಯಂಚಿನ ಊರೇ ಎಲ್ಲ ಯೋಜನೆಗಳಲ್ಲಿಯೂ ಕೊನೆಯ ಊರಾಗುವದು. ಅಳ್ನಾವರದವರಿಗೆ ಈ ಮಾತಿನ ಅರ್ಥ ಹೇಳಿಕೊಡಬೇಕಾಗಿಲ್ಲ.

ವಿಧಾನಮಂಡಲದ ಚಳಿಗಾಲದ ಅಧಿವೇಶನವು ಬೆಳಗಾವಿಯ ಸುವರ್ಣ ಸೌಧದಲ್ಲಿ ಕೂಡುವದು ರೂಢಿಯಾಗಿದೆ. ಉತ್ತರ ಕರ್ನಾಟಕದ ಪ್ರಶ್ನೆಗಳಿಗೆಂದು ಕೂಡುವ ಆ ಸಭೆಯಲ್ಲಿ ಗದ್ದಲಕ್ಕೆ ದೊರೆಯುವಷ್ಟು ಅವಕಾಶ ಮಸೂದೆಗಳಿಗೆ ದೊರೆಯುವದಿಲ್ಲವೆಂಬ ದೂರನ್ನು ನಮ್ಮ ಪ್ರತಿನಿಧಿಗಳು ಒಂದು ಸಣ್ಣ ಮಸೂದೆಯಿಂದ ಸುಳ್ಳು ಮಾಡಬಹುದು. ಅದು ಬರುವ ತನಕವೂ ಮಾಡಬಹುದಾದ ಒಂದು ಕೆಲಸವಿದೆ. ಪಾಲಿಕೆಯ ವಿಭಜನೆಗಾಗಿ ಸಿದ್ಧಪಡಿಸುವ ಸ್ವತ್ತಿನ ಪಟ್ಟಿಯಲ್ಲಿ ಎರಡೂ ನಗರಗಳ ರಸ್ತೆಯಡಿಯ ಕೊಳವೆಗಳನ್ನೂ ಅವಳಿ ನಗರದ ಹೆದ್ದಾರಿಯುದ್ದಕ್ಕೂ ಇರುವ ತಂತಿಯ ಹಾದಿಯನ್ನೂ ಪ್ರತ್ಯೇಕವಾಗಿ ದಾಖಲು ಮಾಡಿ, ಅವು ಹಂಚತಕ್ಕ ಸ್ವತ್ತಲ್ಲ, ಕೂಡಿ ಅನುಭವಿಸತಕ್ಕ ಸ್ವತ್ತೆಂದು ಒಂದು ಸಾಲು ಬರೆಯಿಸಬೇಕು. ಆ ಸಾಲನ್ನು ಬರೆಯಿಸುವ ಜವಾಬ್ದಾರಿಯು ಹುಬ್ಬಳ್ಳಿಯ ಮತ್ತು ಧಾರವಾಡದ ನಗರಸೇವಕರದು, ಹಾಗೂ ಪಟ್ಟಿ ತಯಾರಿಸುವ ಆಯುಕ್ತರದು.